ಹೆಪ್ಪು

ಬೈತಖೋಲಕ್ಕೆ ಸೂರ್ಯ ತಡವಾಗಿ ಬರುತ್ತಾನೆ.
ಗುಡ್ಡ ಹತ್ತಿ ಇಳಿಯಬೇಕು ಅವನು,
ಆಮೇಲೆ ಐಸ್ ಫ್ಯಾಕ್ಟರಿಯ ತಗಡು, ಆಮೇಲೆ ನಮ್ಮ ಶೆಡ್ಡು.
ಅಲ್ಲಿಯವರೆಗೆ ಮೂಡಗಾಳಿಯದೇ ಕಾರುಬಾರು.
ಮಗುಚಿ ಮಲಗಿಸಿದ ದೋಣಿಯ ಹೊಟ್ಟೆ ಮುಟ್ಟಿದೆ:
ಪೆಟ್ಟಿಗೆಯಿಂದ ಆಗಷ್ಟೇ ತೆಗೆದ ಮೀನು.

ಕಲ್ಲಿಗೆ ತಾಗಿ ಸೀಳಿದ್ದು ಮೂರು ಗೇಣು.
ನಿನ್ನೆಯೇ ಉಜ್ಜಿ, ಅಂಚು ಇಳಿಜಾರು ಮಾಡಿ, ಒಣಗಿಸಿಟ್ಟಿದ್ದೆ;
ರಾತ್ರಿ ಇಬ್ಬನಿ ಬಂದು ಮತ್ತೆ ತನ್ನದೇ ಮಾಡಿಕೊಂಡಿದೆ.
ಹಳೇ ಲುಂಗಿ ತಂದು ಒರೆಸಿದೆ,
ಕೂಸಿನ ಕತ್ತಿನ ಮಡಿಕೆ ಒರೆಸುವ ಹಾಗೆ, ಸಂದುಸಂದು.

ಮೊದಲು ಮೊಣಕೈತನಕ ಕೊಬ್ಬರಿ ಎಣ್ಣೆ.
ಗಾಜಿನ ನೂಲು ಚರ್ಮ ಹೊಕ್ಕರೆ ಮೂರು ರಾತ್ರಿ ನಿದ್ದೆಯಿಲ್ಲ.
ಎಣ್ಣೆ ಶೀಶೆಯಲ್ಲಿ ಬೆಳ್ಳಗೆ ಕಲ್ಲಾಗಿತ್ತು.
ಗಟ್ಟಿಯಾಗಬಾರದ್ದು ಗಟ್ಟಿಯಾಗಿದೆ,
ಆಗಬೇಕಾದ್ದು ಬಕೆಟ್ಟಿನಲ್ಲಿ
ಜೋನಿಬೆಲ್ಲದಂತೆ ಕೋಲಿಗೆ ಜೋತು ಬೀಳುತ್ತಿದೆ.

ಎರಡು ಶೀಶೆ.
ನೇರಳೆ ಬಣ್ಣದ ಕೋಬಾಲ್ಟ್ ಈ ಕಂಬದ ಬುಡಕ್ಕೆ,
ನೀರಿನಂಥ ಹಾರ್ಡನರ್ ಆ ಕಂಬದ ಬುಡಕ್ಕೆ.
ಮುಖಾಮುಖಿಯಾದರೆ ಬೆಂಕಿ.
ಇನಾಸ್ ಮೇಸ್ತನಿಗೆ ಎಡಹುಬ್ಬು ಇಲ್ಲದ್ದು ಅದಕ್ಕೇ.
ಓರಗಿತ್ತಿಯರ ಹಾಗೆ,
ನಡುವೆ ರೆಸಿನ್ ಇದ್ದರೆ ಒಂದೇ ಬೋಗುಣಿಯಲ್ಲಿ ಬಾಳುತ್ತವೆ,
ಅದೂ ಒಂದು ಬಂದು ಕಲೆತ ಮೇಲೆ ಇನ್ನೊಂದು.

ಬೇಸಿಗೆಗೆ ಕಿಲೋಗೆ ಒಂದು ಮುಚ್ಚಳ, ಕೆಮ್ಮಿನ ಔಷಧಿಯದು.
ಮಾಗಿಗೆ ಎರಡು.
ಮೂರು ಎಂಬುದಿಲ್ಲ.
ವಾಸ್ಕೋದ ಯಾರ್ಡಿಗೆ ಹೋಗುವಾಗ ಮೇಸ್ತ
ರೋಲರ್ ಜೊತೆ ಇದನ್ನೂ ನನಗೆ ಬಿಟ್ಟು ಹೋಗಿದ್ದಾನೆ:
"ಹೆಪ್ಪು ಜಾಸ್ತಿಯಾದ್ರೆ ಮೊಸರು ಹುಳಿ ಬರ್ತದೆ,
ನಾಲಿಗೆಗೆ ಗೊತ್ತಾಗ್ತದೆ.
ಇದು ಹುಳಿ ಬಂದದ್ದು ಗೊತ್ತಾಗೂದು ಸಮುದ್ರದಲ್ಲಿ."

ಖೇಮು ತಾಂಡೇಲ ಎಂಟಕ್ಕೇ ಬಂದು ಬಲೆಯ ಗಂಟಿನ ಮೇಲೆ ಕೂತ.
ಕೂರ್ಮಗಡದ ಹಿಂದೆ ಬಂಗಡೆ ಎದ್ದಿದೆಯಂತೆ,
ನೀರು ಕಪ್ಪಗಾಗುವಷ್ಟು.
"ಸಂಜೆಗೆ ಇಳಿಸ್ಬೇಕು. ಇನ್ನೊಂದ್ ಮುಚ್ಚಳ ಹಾಕೇ, ಏನಾಗ್ತದೆ?"
ಏನೂ ಆಗೂದಿಲ್ಲ, ಅಂದೆ.
ಈಗ.

ಮ್ಯಾಟು ಕತ್ತರಿಸಿದೆ, ಒಂದಕ್ಕಿಂತ ಒಂದು ಒಂದು ಬೆರಳು ದೊಡ್ಡದು.
ಬೆಳ್ಳಗಿನ ಗಾಜು ರೆಸಿನ್ ಕುಡಿಯುತ್ತ ಕುಡಿಯುತ್ತ
ಇದ್ದಲ್ಲೇ ಇಲ್ಲವಾಗುತ್ತದೆ,
ಕೆಳಗಿನ ಗಾಯ ಮತ್ತೆ ಕಾಣುತ್ತದೆ.
ರೋಲರ್ ಉರುಳಿಸು, ಗುಳ್ಳೆ ಹೊರಹಾಕು.
ಒಂದು ಉಳಿದರೂ ಉಪ್ಪುನೀರು ಅಲ್ಲಿ ಮನೆ ಕಟ್ಟುತ್ತದೆ.
ನಾಲ್ಕು ಪದರ. ಮೂಗಿಗೆ ಕಟ್ಟಿದ ಬಟ್ಟೆಯೊಳಗೂ ಆ ಸಿಹಿ ಘಾಟು.

ಆಮೇಲೆ ಕೆಲಸವಿಲ್ಲ, ಇರುವುದು ಅದೇ ಕಷ್ಟದ ಕೆಲಸ.
ಮೊಳ ದೂರದಲ್ಲಿ ಇನ್ನೂರು ವ್ಯಾಟಿನ ಎರಡು ಬಲ್ಬು,
ಗಾಳಿಗೆ ಅಡ್ಡ ತಾಡಪಾಲು.
ಬಲ್ಬು ಬರೀ ಪುಸಲಾಯಿಸಲಿಕ್ಕೆ.
ನಿಜವಾದ ಕಾವು ಅದರ ಒಳಗಿಂದಲೇ ಹುಟ್ಟಬೇಕು,
ಹುಟ್ಟುವ ಹೊತ್ತಿಗೆ ಹುಟ್ಟಬೇಕು.
ತಾಂಡೇಲನಿಗೆ ಹೇಳಿದೆ: ನಿಮ್ಮ ಕೋಳಿ ಕಾವಿಗೆ ಕೂತಾಗ
ಬುಟ್ಟಿ ಎತ್ತಿ ಎತ್ತಿ ನೋಡ್ತೀರಾ?
ನೋಡ್ತೇನೆ, ಅಂದ.

ಸುಳ್ಳಲ್ಲ. ನಾನು ಚಹ ಕುಡಿದು ಬರುವಷ್ಟರಲ್ಲಿ
ತಾಡಪಾಲಿನೊಳಗೆ ಕೈಹಾಕಿ ಹೆಬ್ಬೆಟ್ಟು ಒತ್ತಿಬಿಟ್ಟಿದ್ದ.
ಅಂಟಿಕೊಂಡ ಬೆರಳನ್ನು ಸೀಮೆಎಣ್ಣೆಯಲ್ಲಿ ತಿಕ್ಕುತ್ತ
ಶಾಲೆ ಹುಡುಗನ ಹಾಗೆ ಬೇರೆ ಕಡೆ ನೋಡಿದ.

ಗುಡ್ಡದ ಮೇಲಿಂದ ಬಿಸಿಲು ಕೊನೆಗೂ ಬಂತು,
ಬಂದದ್ದು ನೆಪಮಾತ್ರಕ್ಕೆ.
ಸಂಜೆ ಎರಡು ರೂಪಾಯಿ ನಾಣ್ಯದಿಂದ ಬಡಿದೆ: ಡಬ್.
ರಾತ್ರಿ ಹತ್ತಕ್ಕೆ: ಡಬ್, ಆದರೆ ಸ್ವಲ್ಪ ನಾಚಿಕೆಯಿಂದ.
ಬೆಳಿಗ್ಗೆ: ಟಣ್.

ಅಷ್ಟರಲ್ಲಿ ಬಂಗಡೆ ಮಾಜಾಳಿಯವರ ಪಾಲಾಗಿತ್ತು.
ತಾಂಡೇಲ ಮಾತಾಡದೆ ದುಡ್ಡು ಎಣಿಸಿದ, ಐವತ್ತು ಕಡಿಮೆ.
ನಾನೂ ಮಾತಾಡಲಿಲ್ಲ.
ಉಜ್ಜುವಾಗ ಆ ಹೆಬ್ಬೆಟ್ಟಿನ ಸುತ್ತ ಉಜ್ಜಿ,
ಅದನ್ನಷ್ಟೇ ಬಿಟ್ಟಿದ್ದೆ.
ಡೀಸೆಲ್ ಪುಸ್ತಕದಲ್ಲಿ ಒತ್ತುವ ಅದೇ ಗೆರೆಗಳು,
ಗುರುತು ಕೇಳುವವರು ಯಾರೂ ಇಲ್ಲದಲ್ಲಿ,
ನೀರಿನ ಕೆಳಗೆ.

ಮನೆಗೆ ಬಂದು ಗಡಿಗೆ ಬಾಗಿಸಿದೆ.
ನಿನ್ನೆಯ ಹಾಲು ಇನ್ನೂ ಹಾಲೇ.
ಸ್ವೆಟರ್ ಬಿಚ್ಚಿ ಅದಕ್ಕೆ ಸುತ್ತಿದೆ.
ಮಣಿಕಟ್ಟಿನಲ್ಲಿ ಎಲ್ಲೋ ಒಂದು ನೂಲು,
ದೀಪಕ್ಕೆ ತಿರುಗಿಸಿದರೆ ಮಿನುಗುತ್ತದೆ,
ಹಿಡಿಯಲು ಹೋದರೆ ಇಲ್ಲ.